ಬಾಡಿಗೆ ಮನೆಯ ಮಣ್ಣು

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿಯೆದುರು ನಿಂತು, ಮೂಗು ಸೊಟ್ಟ ಮಾಡಿ, ಇದು ಚೆಂದವೋ ಅದು ಚೆಂದವೋ ಎಂದು ಫ್ರೇಮು ಆರಿಸುತ್ತಿರುವಾಗ ಇವಳು ಒಳಗೆ ತಿರುಗುವ ಕಲ್ಲಿಗೆ ಗಾಜು ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸವೆಸುತ್ತಿರುತ್ತಾಳೆ. ಕಲ್ಲಿನ ಮೇಲೆ ಸಣ್ಣಗೆ ನೀರು ಸುರಿಯುತ್ತಿರುತ್ತದೆ. ಅದರ ಸದ್ದಿಗೆ ಹೊರಗಿನ ಮಾತೆಲ್ಲ ಬೇರೆ ಯಾವುದೋ ಊರಿನದೆಂಬಂತೆ ಕೇಳಿಸುತ್ತದೆ. ಅವಳಿದ್ದ ಕಟ್ಟಡಗಳಲ್ಲೆಲ್ಲ ಅವಳಿಗೆ ಒಂದೇ ಹೆಸರು, ಕನ್ನಡಕದಕ್ಕ. ಸ್ವತಃ ಅವಳ ಕನ್ನಡಕವೂ ದಪ್ಪ ಗಾಜಿನದೇ. ದಿನಕ್ಕೊಂದು ಸಲ ಅದನ್ನು ತೆಗೆದಿಟ್ಟು ಐದು ನಿಮಿಷ ಸುಮ್ಮನೆ ಕೂರುತ್ತಾಳೆ. ಆಗ ಬಾಗಿಲು, ಗೋಡೆ, ಮನುಷ್ಯರು ಎಲ್ಲ ಕರಗಿ ಬರೀ ಬಣ್ಣಗಳಾಗುತ್ತವೆ. "ಕಣ್ಣಿಗೆ ರಜೆ" ಎನ್ನುತ್ತಾಳೆ ಅದಕ್ಕೆ.

ಗಂಡ ಲಿಫ್ಟ್ ಮೆಕ್ಯಾನಿಕ್. "ನಮ್ಮ ಕಸುಬಿನಲ್ಲಿ ಏರಿಳಿತ ಸಹಜ" ಎಂಬ ಜೋಕನ್ನು ಮದುವೆಯ ದಿನದಿಂದ ಇವತ್ತಿನವರೆಗೆ ಸವೆಯಬಿಡದೆ ಬಳಸುತ್ತಿರುವ ಮನುಷ್ಯ. ಅತ್ತೆ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂವರೇ. ಇಪ್ಪತ್ತೆರಡು ವರ್ಷದಲ್ಲಿ ಈ ಮೂವರು ಐದು ಬಾಡಿಗೆ ಮನೆ ಕಂಡರು.

ಮೊದಲನೆಯ ಮನೆಯಲ್ಲಿದ್ದಾಗ ಒಂದು ದಿನ ನೀರು ಕುಡಿಯುವ ಗಾಜಿನ ಲೋಟ ಅವಳ ಕೈಜಾರಿ ಒಡೆಯಿತು. ಅಂಗಡಿಗೆ ಹೊತ್ತಾಗಿತ್ತು. ಚೂರುಗಳನ್ನು ಗುಡಿಸಿ, ಈರುಳ್ಳಿ ಸಿಪ್ಪೆ, ಟೀ ಚರಟದ ಜೊತೆ ಒಂದೇ ಚೀಲಕ್ಕೆ ಸುರಿದು, ಬಿಗಿಯಾಗಿ ಗಂಟು ಹಾಕಿ ಬಾಗಿಲಾಚೆ ಇಟ್ಟು ಓಡಿದಳು. ಮಾರನೆಯ ದಿನ ಕಸ ಒಯ್ಯಲು ಬಂದ ಹೆಂಗಸಿನ ಎಡಗೈಗೆ ಬಟ್ಟೆ ಸುತ್ತಿತ್ತು.

"ಏನಾಯ್ತು ಕೈಗೆ?"

"ಗಾಜು ಚುಚ್ಚಿತು ಅಕ್ಕ. ಯಾರೋ ಸಿಪ್ಪೆ ಜೊತೆ ಹಾಕಿಬಿಟ್ಟಿದ್ರು. ಮೆತ್ತಗಿದೆಯಲ್ಲ ಅಂತ ಅಮುಕಿದೆ."

ಆ 'ಯಾರೋ' ತಾನೇ ಎಂದು ಅವಳಿಗೆ ತಕ್ಷಣ ಹೊಳೆಯಿತು, ಆದರೆ ಬಾಯಿ ಬರಲಿಲ್ಲ. ದಿನವಿಡೀ ಗಾಜನ್ನು ಮಗುವಿನ ಹಾಗೆ ಜೋಪಾನವಾಗಿ ಹಿಡಿಯುವ ಕೈ ಇದು. ಅಂಗಡಿಯಲ್ಲಿ ಒಂದು ಚೂರು ಬಿದ್ದರೂ ಹುಡುಕಿ ಡಬ್ಬಿಗೆ ಹಾಕುವವಳು ಮನೆಯಲ್ಲಿ ಹೀಗೆ ಮಾಡಿದ್ದಳು. ಅಂದು ಕಲ್ಲಿನ ಮುಂದೆ ಕೂತು ಎರಡು ಗಾಜು ಹಾಳು ಮಾಡಿದಳು. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಕಾದು ನಿಂತಳು.

"ಆ ಗಾಜು ಹಾಕಿದ್ದು ನಾನೇ."

ಹೆಂಗಸು ನಕ್ಕಳು. "ಗೊತ್ತಿತ್ತು ಅಕ್ಕ. ಚೀಲಕ್ಕೆ ಮೂರು ಗಂಟು ಹಾಕೋದು ಇಡೀ ಬೀದೀಲಿ ನೀವೊಬ್ರೇ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನಿಮಗೆ ಬೇಜಾರಾಗ್ತಿತ್ತು. ನೀವೇ ಹೇಳಿದ್ರಿ, ಹಗುರಾಯ್ತಲ್ಲ?"

"ಈಗ ನಾನೇನು ಮಾಡ್ಲಿ?"

"ಕೊಳೆಯೋದನ್ನ ಕೊಳೆಯದೇ ಇರೋದರ ಜೊತೆ ಸೇರಿಸಬೇಡಿ. ಅಷ್ಟೇ. ಇನ್ನೂ ಒಂದು ಹೇಳ್ಲಾ? ಕೊಳೆಯೋದನ್ನ ನನಗೆ ಕೊಡಲೇಬೇಡಿ. ನೀವೇ ಇಟ್ಕೊಳ್ಳಿ. ಮಣ್ಣಾಗುತ್ತೆ."

ಕಟ್ಟಡದ ಮೆಟ್ಟಿಲ ಮೇಲೆ ಕೂತು, ಗಾಯದ ಕೈಯಲ್ಲೇ ಆಕೆ ತೋರಿಸಿಕೊಟ್ಟಳು. ಒಡಕು ಬಕೆಟ್ಟಿಗೆ ಸುತ್ತ ತೂತು, ತಳಕ್ಕೆ ಒಣಗಿದ ಎಲೆ, ಮೇಲೆ ಸಿಪ್ಪೆ, ಮತ್ತೆ ಎಲೆ.

ಕೇಳಿದಾಗ ಸಲೀಸು, ಮಾಡಿದಾಗ ಗೋಳು. ಎರಡನೆಯ ವಾರಕ್ಕೇ ಬಕೆಟ್ಟು ನಾರತೊಡಗಿತು. ಮೂರನೆಯ ವಾರ ಬಿಳಿ ಹುಳುಗಳು ಅಂಚು ಹತ್ತಿ ಹೊರಗಿಣುಕಿದವು. ಅತ್ತೆ ಸೆರಗು ಮೂಗಿಗೆ ಹಿಡಿದರು. "ಆಸ್ಪತ್ರೇಲಿ ಮೂವತ್ತು ವರ್ಷ ಬಳಿದು ಸಾಕಾಗಿದೆ ಕಣೇ ನನಗೆ. ಈಗ ಮನೇಲೂ ಇದೇನಾ?" ಗಂಡನದು ಬೇರೆ ರಾಗ. "ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನಮ್ಮವಳು ಸಿಪ್ಪೆ ಸಾಕ್ತಾಳೆ." ಅವಳು ಹೋಗಿ ಗುರುವನ್ನೇ, ಕಸ ಒಯ್ಯುವ ಆ ಹೆಂಗಸನ್ನೇ, ಕೇಳಿದಳು. "ನೀರು ಜಾಸ್ತಿಯಾಗಿದೆ ಅಕ್ಕ, ಅದಕ್ಕೆ ಉಸಿರು ಕಟ್ಟಿದೆ. ಹಳೇ ಪೇಪರ್ ಹರಿದು ಹಾಕಿ, ಕೆದಕಿ" ಎಂದು ಉತ್ತರ ಬಂತು. ಹರಿದಳು, ಕೆದಕಿದಳು, ಕಾದಳು.

ಒಂದು ಭಾನುವಾರ ಬೆಳಿಗ್ಗೆ ವಾಸನೆ ಬದಲಾಗಿತ್ತು. ಮಳೆ ನಿಂತ ಮೇಲೆ ಮರದ ಬುಡದಲ್ಲಿ ಬರುವಂಥ ತಣ್ಣನೆಯ ಪರಿಮಳ ಅಡುಗೆಮನೆಯವರೆಗೂ ಹರಡಿತ್ತು. ಅತ್ತೆ ಅನುಮಾನದಿಂದಲೇ ಬಂದು, ಬಗ್ಗಿ, ಬಕೆಟ್ಟಿನ ನಡುವೆ ಅಂಗೈ ಊರಿದರು. ಊರಿದ ಕೈ ಬಹಳ ಹೊತ್ತು ತೆಗೆಯಲಿಲ್ಲ.

"ಬೆಚ್ಚಗಿದೆಯಲ್ಲೇ ಇದು!"

"ಹೂಂ ಅತ್ತೆ."

"ಒಳ್ಳೇ ಮೈ ಕಾದ ಮಗು ಥರ ಇದೆ. ನೂರಾ ಒಂದು ಇರಬಹುದು."

ಅಂದಿನಿಂದ ಬಕೆಟ್ಟಿನ ಯೋಗಕ್ಷೇಮ ಅತ್ತೆಯದಾಯಿತು. ಬೆಳಿಗ್ಗೆ ಮುಖ ತೊಳೆದವರೇ ಮೊದಲು ಅದರ ಜ್ವರ ನೋಡುವುದು. ಬಿಸಿ ಇಳಿದಿದ್ದರೆ "ಇವತ್ತು ಊಟ ಸರಿಯಾಗಿ ಹಾಕು" ಎಂದು ಸೊಸೆಗೆ ಅಪ್ಪಣೆ. ಏರಿದ್ದರೆ ಮುಚ್ಚಳ ಸರಿಸಿ ಗಾಳಿ ಬಿಡುವುದು. ಯಾರದೋ ಮಕ್ಕಳಿಗೆ, ಯಾರದೋ ತಾಯಂದಿರಿಗೆ ಹಣೆ ಮುಟ್ಟಿ ನೋಡುತ್ತ ಕಳೆದ ಕೈ ಅದು, ನಿವೃತ್ತಿಯಾದ ಮೇಲೆ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು. ಅದಕ್ಕೊಂದು ಕೆಲಸ ಸಿಕ್ಕಿದ್ದನ್ನು ಸೊಸೆ ನೋಡಿದಳು.

ಒಂದು ಹಿಡಿದರೆ ಇನ್ನೊಂದು ತಾನಾಗಿ ಬರುತ್ತದೆ. ತರಕಾರಿ ತೊಳೆದ ನೀರನ್ನು ಚೆಲ್ಲಲು ಅವಳ ಕೈ ಹಿಂಜರಿಯತೊಡಗಿತು. ಅದು ಬಕೆಟ್ಟಿನ ಮಣ್ಣಲ್ಲಿ ನೆಟ್ಟ ಗಿಡಕ್ಕೆ ಹೋಯಿತು. ನಲ್ಲಿಯಲ್ಲಿ ಬಿಸಿನೀರು ಬರುವ ಮುಂಚೆ ವ್ಯರ್ಥವಾಗಿ ಹರಿಯುವ ತಣ್ಣೀರಿಗೆ ಒಂದು ಕೊಡ ಬಂದು ಕೂತಿತು. ಗಂಡನ ಅಂಗಿಯ ಕಾಲರ್ ಸವೆದಾಗ ಬಿಚ್ಚಿ ತಿರುವಿ ಹೊಲಿದಳು, ಅದೂ ಸವೆದಾಗ ಒರೆಸುವ ಬಟ್ಟೆಯಾಯಿತು, ಅದೂ ಹರಿದಾಗ ಚಿಂದಿಯಾಗಿ ಬಕೆಟ್ಟಿಗೆ ಹೋಯಿತು. "ನಾನು ಕೂತಲ್ಲೇ ಕೂತ್ರೆ ನನ್ನನ್ನೂ ಹಾಕಿಬಿಡ್ತಾಳೆ ಇವಳು" ಎಂದು ಗಂಡ ಅಕ್ಕಪಕ್ಕದವರಲ್ಲಿ ದೂರಿದ. ಆದರೆ ಯಾರೂ ಹೇಳದೆಯೇ ಅವನು ನಾಲ್ಕು ಮಹಡಿಯನ್ನು ಮೆಟ್ಟಿಲಲ್ಲಿ ಹತ್ತತೊಡಗಿದ್ದ. ಅದರಿಂದ ಕಟ್ಟಡದಲ್ಲಿ ಗೊಂದಲವೇ ಎದ್ದಿತು. ಲಿಫ್ಟ್ ರಿಪೇರಿಯವನೇ ಮೆಟ್ಟಿಲು ಹತ್ತುವುದನ್ನು ಕಂಡವರೆಲ್ಲ ಲಿಫ್ಟ್ ಕೆಟ್ಟಿದೆಯೆಂದು ತಾವೂ ಏದುಸಿರು ಬಿಡುತ್ತ ಹತ್ತುತ್ತಿದ್ದರು.

ವರ್ಷ ಕಳೆದಂತೆ ಒಂದಿದ್ದ ಬಕೆಟ್ಟು ಹಲವಾದವು, ಮನೆ ಬದಲಾದಾಗಲೆಲ್ಲ ಮಣ್ಣೂ ಬರುತ್ತಿತ್ತು. ಸಾಮಾನು ಹೊರುವವರು ಪ್ರತಿ ಸಲವೂ ಅದೇ ಬಕೆಟ್ಟುಗಳ ಮುಂದೆ ನಿಲ್ಲುತ್ತಿದ್ದರು. ನಾಲ್ಕನೆಯ ಮನೆಗೆ ಹೋಗುವಾಗ ಒಬ್ಬ ಬಕೆಟ್ ಎತ್ತಿದವನು ಹಾಗೇ ಕೆಳಗಿಟ್ಟ.

"ಏನಕ್ಕಾ ಇದು, ಹೆಣಭಾರ?"

"ಮಣ್ಣು ಕಣಪ್ಪ."

"ಮಣ್ಣಾ? ಹೋಗೋ ಮನೇಲಿ ಮಣ್ಣಿಲ್ವಾ?"

"ನಾಲ್ಕನೇ ಮಹಡಿ. ಎಲ್ಲಿಂದ ಬರುತ್ತೆ ಹೇಳು?"

ಅವನು ತಲೆಯ ಮೇಲೆ ಟವೆಲ್ ಸಿಂಬಿ ಸುತ್ತಿಕೊಂಡು ಬಕೆಟ್ ಏರಿಸಿದ. ಎಲ್ಲ ಮುಗಿದ ಮೇಲೆ ಹೋಗುವಾಗ ಮಾತ್ರ, ಬೆರಳಲ್ಲಿ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿ ನೋಡಿ, ಏನೋ ನೆನಪಾದವನಂತೆ ಮೆಟ್ಟಿಲಿಳಿದುಹೋದ.

ಆ ನಾಲ್ಕನೆಯ ಮನೆಯೇ ಅವರ ಸುಖದ ಕಾಲ. ಬಾಲ್ಕನಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು. ಹದಿನಾಲ್ಕು ಬಕೆಟ್ಟು, ಎರಡು ಒಡಕು ಟಬ್ಬು, ಕಿವಿ ಮುರಿದ ಬೋಸಿ, ಎಲ್ಲದರಲ್ಲೂ ಏನಾದರೊಂದು ಚಿಗುರುತ್ತಿತ್ತು. ಟೊಮೆಟೊ ತಾನಾಗಿಯೇ ಹುಟ್ಟಿತು, ಸಿಪ್ಪೆಯ ಜೊತೆ ಬಂದ ಬೀಜವಿರಬೇಕು. ಕುಂಬಳದ ಬಳ್ಳಿ ಕಂಬಿ ಹಿಡಿದು ಪಕ್ಕದ ಮನೆಗೆ ಹೊರಟುಹೋಯಿತು. ರಜೆಯ ದಿನ ಅವಳು ಅಲ್ಲಿ ಕನ್ನಡಕ ತೆಗೆದಿಟ್ಟು ಕೂರುತ್ತಿದ್ದಳು. ಹಸಿರು ಕರಗಿ, ಅದರೊಳಗೆ ಹಳದಿ ತೇಲಿ, ಒಣಗಲು ಹಾಕಿದ ಬಟ್ಟೆಗಳು ನಿಧಾನಕ್ಕೆ ದೋಣಿಗಳಾಗಿ ಚಲಿಸುತ್ತಿದ್ದವು. ಅತ್ತೆ ಪಕ್ಕದಲ್ಲಿ ಕೂತು ಬಕೆಟ್ಟುಗಳ ಜೊತೆ ಮಾತಾಡುತ್ತಿದ್ದರು. ಯಾರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದೆ, ಇವಳು ಎಚ್ಚರ ನಿದ್ದೆಗಳ ನಡುವೆ ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದಳು. ಆರು ವರ್ಷ ಹಾಗೇ ಹೋಯಿತು.

ಆಮೇಲೆ ಕೆಳಗಿನ ಮನೆಯ ಚಾವಣಿ ತೇವವಾಯಿತು. ಅಲ್ಲಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಂಟಿ ಮನುಷ್ಯ. ಅವರು ದೂರು ಕೊಟ್ಟರು, ಮನೆಯ ಯಜಮಾನ ಬಂದು ಬಾಲ್ಕನಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ.

"ಇದು ಮನೆಯೋ ತೋಟವೋ? ಇಷ್ಟು ನೀರು ಹಾಕಿದ್ರೆ ಸೋರದೆ ಇನ್ನೇನು ಆಗುತ್ತೆ? ಎಲ್ಲ ತೆಗೀರಿ."

"ಬಾಲ್ಕನಿ ಕೆಳಗೆ ಸೋರಿದ್ರೆ ನೀವು ಹೇಳೋದು ಸರಿ. ಆದರೆ ಒದ್ದೆ ಇರೋದು ಅವರ ಮಲಗೋ ಕೋಣೇಲಿ" ಎಂದಳು ಅವಳು.

"ನೀರಿಗೆ ದಾರಿ ನೀವು ಹೇಳಿಕೊಡ್ತೀರಾ?"

ಅವಳು ಜಗಳಕ್ಕೆ ಹೋಗಲಿಲ್ಲ. ಮೇಷ್ಟ್ರ ಮನೆಗಿಳಿದು ಹೇಳಿದಳು. "ಹತ್ತು ದಿನ ಗಿಡಕ್ಕೆ ಒಂದು ಹನಿ ನೀರು ಹಾಕಲ್ಲ. ನೀವು ಕಲೆ ನೋಡ್ತಾ ಇರಿ. ಹರಡೋದು ನಿಂತರೆ ನನ್ನ ತಪ್ಪು. ಎಲ್ಲ ತೆಗೀತೀನಿ." ಮೇಷ್ಟ್ರು ತಲೆಯಾಡಿಸಿದರು. ಸ್ಟೂಲು ಹತ್ತಿ, ಪೆನ್ಸಿಲಿನಿಂದ ಕಲೆಯ ಅಂಚನ್ನು ಸುತ್ತ ಬರೆದು ಪಕ್ಕದಲ್ಲಿ ತಾರೀಕು ಹಾಕಿದರು.

ಬಿರುಬೇಸಿಗೆ. ಮೂರನೆಯ ದಿನ ಟೊಮೆಟೊ ತಲೆ ಬಗ್ಗಿಸಿತು. ಐದನೆಯ ದಿನ ಕುಂಬಳದ ಎಲೆಗಳು ಕಾಗದದಂತೆ ಸದ್ದು ಮಾಡಿದವು. ಅತ್ತೆ ಕೊಡ ಹಿಡಿದು ಬಂದರು. "ಒಂದೇ ಒಂದು ಲೋಟ ಹಾಕ್ತೀನಿ ಕಣೇ. ರೋಗಿಗೆ ನೀರು ಕೊಡಬೇಡ ಅಂತ ಯಾವ ಡಾಕ್ಟ್ರೂ ಹೇಳಲ್ಲ." "ಮಾತು ಕೊಟ್ಟಿದೀನಿ ಅತ್ತೆ" ಎಂದು ಸೊಸೆ ಕೊಡ ಇಸಿದುಕೊಂಡಳು. ಕಣ್ಣಲ್ಲಿ ನೀರಿತ್ತು, ಆದರೆ ಅದನ್ನೂ ಗಿಡದ ಮೇಲೆ ಬೀಳಲು ಬಿಡಲಿಲ್ಲ ಎಂದು ಗಂಡ ಆಮೇಲೆ ನಗಿಸುತ್ತಿದ್ದ.

ಹತ್ತನೆಯ ದಿನ ಮೇಷ್ಟ್ರು ತಾವೇ ಮೇಲೆ ಬಂದರು, ಯಜಮಾನನನ್ನು ಕರೆಸಿ ತಮ್ಮ ಚಾವಣಿ ತೋರಿಸಿದರು. ಒಂದರ ಸುತ್ತ ಒಂದು ಹತ್ತು ಪೆನ್ಸಿಲ್ ಗೆರೆ, ಹತ್ತು ತಾರೀಕು. ಕಲೆ ದಿನದಿನಕ್ಕೂ ಅರಳುತ್ತಲೇ ಹೋಗಿತ್ತು. "ಸ್ವಾಮೀ, ಮೇಲಿನವರ ತಪ್ಪಲ್ಲ ಇದು. ನಾನೇ ದುಡುಕಿದೆ" ಎಂದರು ಮೇಷ್ಟ್ರು. ಪ್ಲಂಬರ್ ಬಂದು ಮೇಲಿನ ಮನೆಯ ಬಚ್ಚಲಿನ ನೆಲ ಅಗೆದಾಗ ಹಳೆಯ ಪೈಪು ಬಿರುಕು ಬಿಟ್ಟಿದ್ದು ಸಿಕ್ಕಿತು. ಯಜಮಾನ ಮುಖ ಸಣ್ಣದು ಮಾಡಿಕೊಂಡ. ಆದರೆ ಅಷ್ಟರಲ್ಲಿ ಆ ಮನೆಯನ್ನು ತನ್ನ ಅಕ್ಕನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. "ನಿಮ್ಮ ಮೇಲೆ ಬೇಜಾರೇನಿಲ್ಲಮ್ಮ, ಆದರೂ..." ಎಂದು ಆ 'ಆದರೂ' ಮುಗಿಸದೆ ಹೋದ. ಬಾಡಿಗೆಯವರಿಗೆ ಅದು ಮುಗಿಸದಿದ್ದರೂ ಅರ್ಥವಾಗುತ್ತದೆ.

ಸಿಕ್ಕ ಹೊಸ ಮನೆಗೆ ಬಾಲ್ಕನಿಯಿರಲಿಲ್ಲ. ಹದಿನಾಲ್ಕು ಬಕೆಟ್ ಮಣ್ಣು ಎಲ್ಲಿಡುವುದು? ಅವಳು ಎರಡು ದಿನ ಅವುಗಳ ನಡುವೆ ಸುಮ್ಮನೆ ಓಡಾಡಿದಳು. ಮೊದಲು ಬಂದವರು ಮೇಷ್ಟ್ರು. "ಆ ಕರೀ ಬಕೆಟ್ ನನಗೆ ಕೊಡ್ತೀಯೇನಮ್ಮ? ಹತ್ತು ದಿನ ಅದನ್ನ ಬಾಯಾರಿಸಿದ ಪಾಪ ನನ್ನ ಮೇಲಿದೆ." ಕೊಟ್ಟಳು. ಆಮೇಲೆ ಪಕ್ಕದ ಮನೆಯವರು, ಕುಂಬಳದ ಬಳ್ಳಿ ಹೇಗೂ ತಮ್ಮಲ್ಲೇ ಇದೆಯಲ್ಲ ಎಂದು, ಬೇರಿನ ಸಮೇತ ಒಯ್ದರು. ಹೀಗೆ ಟಬ್ಬು, ಬೋಸಿಗಳ ಜೊತೆ ಒಂದೊಂದಾಗಿ ಹದಿಮೂರು ಬಕೆಟ್ಟು ಹೋದವು. ಹದಿನಾಲ್ಕನೆಯದನ್ನು ಅತ್ತೆ ಬಿಡಲಿಲ್ಲ. "ಇದು ಇನ್ನೂ ಮೈ ಕಾಯಿಸಿಕೊಂಡಿದೆ. ಇಂಥದ್ದನ್ನ ಡಿಸ್ಚಾರ್ಜ್ ಮಾಡಕ್ಕಾಗಲ್ಲ." ಟೆಂಪೋದಲ್ಲಿ ಅದನ್ನು ಕಾಲ ನಡುವೆ ಇಟ್ಟುಕೊಂಡೇ ಕೂತರು.

ಹೊಸ ಮನೆ ಐದು ಮಹಡಿಯ ಕಟ್ಟಡದ ಎರಡನೆಯದರಲ್ಲಿ. ಅದರ ದೊಡ್ಡ ಕಿಟಕಿ ತೆರೆಯುವುದು ಬೀದಿಗಲ್ಲ, ಕಟ್ಟಡದ ನಡುವೆ ಗಾಳಿಗೆಂದು ಬಿಟ್ಟ ಬಾವಿಯಂಥ ಚೌಕಕ್ಕೆ. ಸುತ್ತ ಎಲ್ಲರ ಅಡುಗೆಮನೆ ಕಿಟಕಿ, ಪೈಪುಗಳು, ಮೇಲೆ ಕರವಸ್ತ್ರದಷ್ಟು ಆಕಾಶ. ಬೆಳಿಗ್ಗೆ ಹತ್ತಕ್ಕೂ ದೀಪ ಹಾಕಬೇಕು. ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು. ಅವರಿಗೆ ಹೊತ್ತಿನ ಲೆಕ್ಕ ತಪ್ಪಿತು. ತಿಂಡಿ ತಿಂದ ಕೂಡಲೇ "ಸಂಜೆ ಆಯ್ತಾ? ಅವನು ಇನ್ನೂ ಬರ್ಲಿಲ್ವಾ?" ಎಂದು ಬಾಗಿಲು ನೋಡುತ್ತಿದ್ದರು. ದಿನವಿಡೀ ಉರಿಯುವ ಆ ಬಲ್ಬನ್ನು ಸೊಸೆ ಮತ್ತೆ ಮತ್ತೆ ನೋಡುತ್ತಿದ್ದಳು. ಹೊರಗೆ ಊರಿಗೆಲ್ಲ ಸುರಿಯುತ್ತಿರುವ ಬೆಳಕು, ಒಳಗೆ ತಂತಿಯಲ್ಲಿ ತರಿಸಿಕೊಂಡ ಬೆಳಕು.

"ಅಮ್ಮನಿಗೆ ಬಿಸಿಲು ಬೇಕು ರೀ" ಎಂದಳು ಗಂಡನಿಗೆ. "ಔಷಧಿ ಅಲ್ಲ."

ಅವನು ಅಂದು ಜೋಕು ಮಾಡಲಿಲ್ಲ. ವಾರ ಕಳೆದು, ಹಳೆಯ ಲಿಫ್ಟೊಂದನ್ನು ಕಳಚಿ ಹೊಸದು ಹಾಕುವ ಕೆಲಸ ಬಂದಾಗ, ಗುಜರಿಗೆ ಹೊರಟಿದ್ದ ಅದರ ಒಳಗೋಡೆಯ ಎರಡು ಸ್ಟೀಲ್ ಹಾಳೆಗಳನ್ನು ಕೇಳಿ ತಂದ. ಮುಖ ಕಾಣುವಷ್ಟು ಹೊಳಪು. ಈ ಮನೆಯ ಯಜಮಾನಿತಿ ಗೋಡೆಗೆ ಮೊಳೆ ಹೊಡೆಯಲು ಬಿಡುವವಳಲ್ಲ. ಹಾಗಾಗಿ ಒಂದನ್ನು ತಾರಸಿಯ ಕಂಬಿಗೆ ನಟ್ಟು ಬೋಲ್ಟಿನ ಪಟ್ಟಿಯಲ್ಲಿ ಬಿಗಿದ, ಇನ್ನೊಂದನ್ನು ಕಿಟಕಿಯ ಸರಳಿಗೆ ಓರೆಯಾಗಿ ಕಟ್ಟಿದ. ಮೇಲಿನದು ಬಿಸಿಲು ಹಿಡಿದು ಕೆಳಗೆ ಎಸೆಯಬೇಕು, ಕೆಳಗಿನದು ಅದನ್ನು ಒಳಗೆ ಕಳಿಸಬೇಕು.

"ಬಂತಾ?" ತಾರಸಿಯಿಂದ ಅವನ ಕೂಗು.

"ಇಲ್ಲ ರೀ!"

"ಈಗ?"

"ಎದುರು ಗೋಡೆ ಮೇಲಿದೆ. ಇನ್ನೂ ಈ ಕಡೆ... ಅಯ್ಯೋ, ಜಾಸ್ತಿಯಾಯ್ತು! ಸ್ವಲ್ಪ ಹಿಂದೆ!"

ಸುತ್ತಲಿನ ಕಿಟಕಿಗಳು ಒಂದೊಂದಾಗಿ ತೆರೆದವು. ಎದುರಿನ ಮೊದಲನೆಯ ಮಹಡಿಯ ಬಾಣಂತಿ, ಹೆಗಲ ಮೇಲೆ ಕೂಸು ಹಾಕಿಕೊಂಡು, "ಏನಕ್ಕ, ಏನು ಹುಡುಕ್ತಿದೀರಾ?" ಎಂದಳು. ಉತ್ತರ ಕೊಡುವ ಮೊದಲೇ ಬೆಳಕು ಬಂತು. ಸರಳು ದಾಟಿ, ನೆಲಕ್ಕಿಳಿದು, ಚಾಪೆಯಷ್ಟು ಅಗಲಕ್ಕೆ ಹಾಸಿಕೊಂಡಿತು. ಸ್ಟೀಲಿನಲ್ಲಿದ್ದ ಸಣ್ಣ ಸೊಟ್ಟಗಳಿಂದಾಗಿ ಅದು ಒಂದೇ ಸಮ ನಿಲ್ಲದೆ, ತಿಳಿಗೊಳದ ತಳದಲ್ಲಿ ಆಡುವಂತೆ ಆಡುತ್ತಿತ್ತು. ಇಡೀ ಕೋಣೆ ನೀರೊಳಗೆ ಮುಳುಗಿ ನಿಧಾನಕ್ಕೆ ಉಸಿರಾಡಿದಂತೆ ಕಂಡಿತು. ಅವಳು ಕೂಗುವುದನ್ನೇ ಮರೆತಳು. "ಏನಾಯ್ತೇ? ಬಂತೋ ಇಲ್ವೋ ಹೇಳೇ!" ಎಂದು ಮೇಲಿನಿಂದ ಗಂಡ ಒದರುತ್ತಲೇ ಇದ್ದ.

ಅತ್ತೆ ಕುರ್ಚಿಯಿಂದ ಬಗ್ಗಿ ಆ ಬೆಳಕಿನ ಮೇಲೆ ಅಂಗೈ ಇಟ್ಟರು. "ಬೆಳಿಗ್ಗೆ" ಎಂದರು, ನಿಚ್ಚಳವಾಗಿ. "ಈಗ ಬೆಳಿಗ್ಗೆ."

ದಿನಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಅದು ಇರುತ್ತಿತ್ತು. ಸೂರ್ಯನ ದಾರಿ ಸರಿದಂತೆ ವಾರಕ್ಕೊಮ್ಮೆ ತಾರಸಿಗೆ ಹೋಗಿ ನಟ್ಟು ಅರ್ಧ ಸುತ್ತು ತಿರುಗಿಸಬೇಕು. ಆ ಕೆಲಸ ಗಂಡನದು, ಬೇರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಬೆಳಕು ಬಂದಾಗ ಅತ್ತೆ ಕಾಲು ಚಾಚಿ ಅದರಲ್ಲಿ ಕೂರುವರು, ಪಕ್ಕದಲ್ಲಿ ಬಕೆಟ್ಟು. ಬಲ್ಬು ಆರಿಸುವುದು ಅವರದೇ ಹಕ್ಕು. ಎರಡು ವರ್ಷ ಹಾಗೆ ಕೂತರು. ಒಂದು ದಿನ ಬೆಳಕು ಸರಿದು ಗೋಡೆ ಹತ್ತುವಾಗ, ಸೊಸೆ ಶಾಲು ಹೊದಿಸಲು ಬಂದರೆ ಅತ್ತೆ ಇರಲಿಲ್ಲ. ಮುಖದಲ್ಲಿ ನಿದ್ದೆಯಿತ್ತು, ಕೈ ಬಕೆಟ್ಟಿನ ಅಂಚಿನ ಮೇಲಿತ್ತು.

ಆಮೇಲೆ ಬಹಳ ದಿನ ಅವರು ಕುರ್ಚಿಯನ್ನು ಸರಿಸಲಿಲ್ಲ. ಬೆಳಕು ಬಂದು ಖಾಲಿ ಕುರ್ಚಿಯ ಕಾಲು ಮುಟ್ಟಿ ಹೋಗುತ್ತಿತ್ತು. ಗಂಡ ವಾರಕ್ಕೊಮ್ಮೆ ತಾರಸಿಗೆ ಹೋಗುವುದನ್ನು ಬಿಟ್ಟ. ಬೆಳಕು ದಿನಕ್ಕಿಷ್ಟು ಓರೆಯಾಗುತ್ತ, ಕಡೆಗೆ ಕಿಟಕಿಯ ಚೌಕಟ್ಟಿನಲ್ಲೇ ನಿಂತುಬಿಟ್ಟಿತು. ಅವಳು ಒಂದು ತಿಂಗಳು ತಡೆದಳು. ಒಂದು ಭಾನುವಾರ ಅವನು ತುರ್ತು ಕೆಲಸಕ್ಕೆ ಹೋಗಿದ್ದಾಗ, ಸ್ಪ್ಯಾನರ್ ಹಿಡಿದು ತಾನೇ ಮೆಟ್ಟಿಲು ಹತ್ತಿದಳು.

ಅವಳಿಗೆ ಅಂದಾಜು ಗೊತ್ತಿರಲಿಲ್ಲ. ನಟ್ಟು ಸಡಿಲಿಸಿ, ಹಾಳೆ ಒಂದಿಷ್ಟು ಬಾಗಿಸಿ, ಬಿಗಿದು, ಕೆಳಗಿಳಿದು ಬಂದು ನೋಡಿದರೆ ಕೋಣೆ ಕತ್ತಲೆಯಾಗಿಯೇ ಇತ್ತು. ಸೋತು ಕಿಟಕಿಯ ಹತ್ತಿರ ಹೋಗುವಷ್ಟರಲ್ಲಿ ಎದುರಿನಿಂದ ಕೂಗು ಬಂತು.

"ಅಕ್ಕಾ! ನಿಮ್ಮ ಬಿಸಿಲು ದಾರಿ ತಪ್ಪಿ ನಮ್ಮನೆಗೆ ಬಂದಿದೆ!"

ಎದುರಿನ ಮೊದಲನೆಯ ಮಹಡಿಯಲ್ಲಿ, ಅಂದು ಬಾಣಂತಿಯಾಗಿದ್ದವಳ ಅಡುಗೆಮನೆ ಪೂರ್ತಿ ಬೆಳಗುತ್ತಿತ್ತು. ಸಾಲಾಗಿ ಕಟ್ಟಿದ ದಾರದ ಮೇಲೆ ಮಗುವಿನ ಪುಟ್ಟ ಪುಟ್ಟ ಬಟ್ಟೆಗಳು. ಮಾಗಿಯ ತಂಡಿಯಲ್ಲಿ ಮೂರು ದಿನವಾದರೂ ಒಣಗದೆ ನೇತಾಡುತ್ತಿದ್ದವು. ಈಗ ಎರಡು ವರ್ಷ ದಾಟಿದ ಮಗು ಅವುಗಳ ಕೆಳಗೆ ಕೂತು, ನೆಲದ ಮೇಲೆ ಅಲುಗುವ ಬೆಳಕನ್ನು ಎರಡೂ ಕೈಯಲ್ಲಿ ಹಿಡಿಯಲು ನೋಡುತ್ತಿತ್ತು.

"ಮೇಲೆ ಹೋಗಿ ತಿರುಗಿಸಿಕೊಳ್ಳಿ ಅಕ್ಕ, ನಮಗೇನು" ಎಂದಳು ತಾಯಿ, ಆದರೆ ದಾರದ ಮೇಲಿನ ಬಟ್ಟೆಗಳನ್ನು ಆಗಲೇ ಬೆಳಕಿನ ಕಡೆಗೆ ಸರಿಸುತ್ತಿದ್ದಳು.

ಅವಳು ಸ್ಪ್ಯಾನರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಇರ್ಲಿ ಬಿಡಮ್ಮ. ಬಟ್ಟೆ ಒಣಗೋವರೆಗೂ ಅಲ್ಲೇ ಇರ್ಲಿ."